ತೊಣ್ಣೂರು ಕೆರೆ ಏರಿ ಮತ್ತು ಸುತ್ತಲಿನ ಗುಡ್ಡಗಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ವಾರದ ಕೊನೆ ಬಂತೆಂದರೆ ಮೈಸೂರು, ಮಂಡ್ಯ, ಬೆಂಗಳೂರಿನಿಂದ ತೊಣ್ಣೂರು ಕೆರೆಗೆ ಜನ ಬರುತ್ತಾರೆ. ನೀರು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ದೇವರಿಗೆ ಕೈಮುಗಿದು ಮೇಲುಕೋಟೆಗೆ ಹೊರಟುಬಿಡುತ್ತಾರೆ. ತಾವು ನಿಂತಿದ್ದ ಜಾಗವೇ ಈ ಊರಿನ ಅತಿ ದೊಡ್ಡ ಕಟ್ಟಡ ಅನ್ನುವುದು ಹೆಚ್ಚಿನವರ ಗಮನಕ್ಕೆ ಬರುವುದೇ ಇಲ್ಲ. ಆ ಮಣ್ಣಿನ ಏರಿಯ ಬಗ್ಗೆ, ಅದರ ಸುತ್ತಲಿನ ಗುಡ್ಡ ಮತ್ತು ಬೋರೆಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ತೊಣ್ಣೂರು ಕೆರೆ ಎಲ್ಲಿದೆ?

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲೂಕಿನಲ್ಲಿ. ಊರಿನ ಹೆಸರು ಕೆರೆತೊಣ್ಣೂರು. ಹಳೆಯ ಶಾಸನ, ಪುಸ್ತಕಗಳಲ್ಲಿ ತೊಂಡನೂರು ಎಂದೂ ಇದೆ. ಮೈಸೂರಿನಿಂದ ಹೊರಟರೆ ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಹೋಗಬೇಕು. ಪಾಂಡವಪುರದಿಂದ ಸುಮಾರು 10 ಕಿ.ಮೀ. ಅಷ್ಟೇ.

ಅಲ್ಲಿ ನೋಡೋಕೆ ಏನಿದೆ? ಬರೀ ಒಂದು ಕೆರೆ ಅಲ್ವಾ?

ಕೆರೆ ನಿಜ. ಆದರೆ ಮೈಸೂರು ಸೀಮೆಯಲ್ಲಿ ಇಂಥ ಕೆರೆ ಅಪರೂಪ. ನಮ್ಮ ಬಯಲಿನ ಕೆರೆಗಳನ್ನು ನೆನಪು ಮಾಡಿಕೊಳ್ಳಿ. ಏರಿ ಉದ್ದಕ್ಕೆ ಬಾಗಿಕೊಂಡು ಹೋಗುತ್ತದೆ, ಎತ್ತರ ಕಡಿಮೆ, ನೀರು ಹರಡಿ ನಿಂತಿರುತ್ತದೆ. ಬೇಸಿಗೆ ಬಂತೆಂದರೆ ಅರ್ಧ ಕೆರೆಯಲ್ಲಿ ದನ ಮೇಯುತ್ತವೆ. ತೊಣ್ಣೂರಿನಲ್ಲಿ ಇದು ಪೂರ್ತಿ ತಿರುವುಮುರುವು. ಎರಡು ಕಲ್ಲುಗುಡ್ಡಗಳ ನಡುವೆ ಒಂದು ಸಂದು. ಆ ಸಂದನ್ನು ಮಾತ್ರ ಮಣ್ಣಿನಿಂದ ಮುಚ್ಚಿದ್ದಾರೆ. ಹಿಂದೆ ಇಡೀ ಕಣಿವೆ ತುಂಬಿ ನೀರು ನಿಂತಿದೆ. ಏರಿಯ ಉದ್ದ ಕಡಿಮೆ, ಆದರೆ ಎತ್ತರ ಭಾರಿ. ಹಾಗಾಗಿ ನೀರು ಆಳ. ನೋಡೋಕೆ ಬಂದವರು ನೀರನ್ನು ನೋಡಿ ಖುಷಿಪಡುತ್ತಾರೆ. ಆ ನೀರನ್ನು ಶತಮಾನಗಳಿಂದ ಹಿಡಿದು ನಿಲ್ಲಿಸಿರುವ ಮಣ್ಣನ್ನು ನೋಡಿ ಬನ್ನಿ ಎಂದು ನಾನು ಹೇಳುತ್ತೇನೆ.

ನಾವು ಹೋದಾಗ ಏರಿ ಕಾಣಿಸಲೇ ಇಲ್ಲ, ಗುಡ್ಡ ಮಾತ್ರ ಇತ್ತು. ಏರಿ ಯಾವುದು?

ಈ ಪ್ರಶ್ನೆ ತುಂಬ ಜನ ಕೇಳುತ್ತಾರೆ. ತಪ್ಪೇನಿಲ್ಲ, ಏರಿ ಗುಡ್ಡದ ಜೊತೆ ಅಷ್ಟು ಬೆರೆತುಹೋಗಿದೆ. ನೀರಿನ ಕಡೆ ಮುಖ ಮಾಡಿ ನಿಂತು ಎಡಕ್ಕೂ ಬಲಕ್ಕೂ ನೋಡಿ. ಎರಡೂ ಕಡೆ ಬಂಡೆ ಎದ್ದಿರುತ್ತದೆ. ಆ ಬಂಡೆ ಮುಗಿದು ಸಮತಟ್ಟಾದ ದಾರಿ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಆಚೆ ಬಂಡೆ ಮತ್ತೆ ಸಿಗುವ ತನಕ ಇರುವುದೆಲ್ಲ ಮನುಷ್ಯರು ಹೊತ್ತು ಹಾಕಿದ ಮಣ್ಣು.

ಈಗ ನೀರಿಗೆ ಬೆನ್ನು ಮಾಡಿ ಹೊರಗಿನ ಇಳಿಜಾರು ನೋಡಿ. ಕೆಳಗೆ ಗದ್ದೆ, ತೆಂಗಿನ ತೋಟ ಕಾಣುತ್ತವೆ. ನೀವು ನಿಂತ ಜಾಗದಿಂದ ಅಲ್ಲಿಯವರೆಗಿನ ಇಳಿತವೇ ಏರಿಯ ಎತ್ತರ. ಕೆಳಗೆ ಇಳಿದುಹೋಗಿ ತಲೆ ಎತ್ತಿ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮೇಲೆ ನಿಂತು ನೀರು ನೋಡಿದವರಿಗೆ ಈ ಅಂದಾಜು ಸಿಗುವುದೇ ಇಲ್ಲ. ದಯವಿಟ್ಟು ಒಂದು ಸಲ ಕೆಳಗಿನಿಂದ ನೋಡಿ.

ಎಷ್ಟು ದೊಡ್ಡದು?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಊರು, ಬೆಳೆ, ಕೆರೆಗಳ ವಿವರ ಬರೆದುಕೊಂಡ. ತೊಣ್ಣೂರಿಗೂ ಬಂದಿದ್ದ. ಅವನ ಕಾಲದ ಅಳತೆ ಮೊಳದಲ್ಲಿದೆ: ಏರಿಯ ಉದ್ದ 150 ಮೊಳ, ಎತ್ತರ 78 ಮೊಳ, ಬುಡದ ದಪ್ಪ 250 ಮೊಳ. ಒಂದು ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ ಉದ್ದ 225 ಅಡಿ, ಎತ್ತರ 117 ಅಡಿ, ಬುಡ 375 ಅಡಿ.

ಈ ಮೂರು ಅಂಕಿಗಳನ್ನು ಇನ್ನೊಂದು ಸಲ ಓದಿ. ಏರಿಯ ಉದ್ದಕ್ಕಿಂತ ಅದರ ಬುಡದ ದಪ್ಪವೇ ಜಾಸ್ತಿ! ಕೆರೆ ಏರಿ ಅಂದಾಕ್ಷಣ ನಮಗೆ ನೆನಪಾಗುವುದು ಉದ್ದ. ಇಲ್ಲಿ ಕಟ್ಟಿದವರು ಉದ್ದದ ಕೆಲಸವನ್ನು ಗುಡ್ಡಗಳಿಗೆ ಬಿಟ್ಟು, ತಮ್ಮ ಶಕ್ತಿಯನ್ನೆಲ್ಲ ಬುಡಕ್ಕೆ ಹಾಕಿದ್ದಾರೆ. ಬುಡ ಎತ್ತರಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಇವತ್ತು ಮಣ್ಣಿನ ಅಣೆಕಟ್ಟು ಕಟ್ಟುವ ಇಂಜಿನಿಯರ್ ಸಾಮಾನ್ಯವಾಗಿ ಇಳಿಜಾರನ್ನು ಇನ್ನೂ ನಿಧಾನವಾಗಿ, ಬುಡವನ್ನು ಇನ್ನೂ ಅಗಲವಾಗಿ ಬಿಡುತ್ತಾರೆ.

ಯಾರು ಕಟ್ಟಿಸಿದ್ದು?

ರಾಮಾನುಜಾಚಾರ್ಯರು ಕಟ್ಟಿಸಿದರು ಎಂಬುದು ಈ ಸೀಮೆಯ ನಂಬಿಕೆ. 12ನೇ ಶತಮಾನದ ಆರಂಭದಲ್ಲಿ ಅವರು ತಮಿಳು ದೇಶ ಬಿಟ್ಟು ಹೊಯ್ಸಳ ರಾಜ್ಯಕ್ಕೆ ಬಂದರು. ಆಗ ಆಳುತ್ತಿದ್ದವನು ಬಿಟ್ಟಿದೇವ, ಅಂದರೆ ವಿಷ್ಣುವರ್ಧನ. ರಾಜ ಅವರನ್ನು ಬರಮಾಡಿಕೊಂಡದ್ದು ತೊಣ್ಣೂರಿನಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ಆಮೇಲೆ ಅವರು ಮೇಲುಕೋಟೆಗೆ ಹೋಗಿ ಚೆಲುವನಾರಾಯಣನ ಪೂಜೆಯನ್ನು ಮತ್ತೆ ಶುರುಮಾಡಿದರು. ಕೆರೆಗೆ ತಿರುಮಲಸಾಗರ ಎಂಬ ಹೆಸರು ಬಂದದ್ದೂ ಅವರಿಂದಲೇ ಎನ್ನುತ್ತಾರೆ.

ಹೊಯ್ಸಳರಿಗೆ ಆ ಕಾಲದಲ್ಲಿ ಈ ಕಡೆ ಏಕೆ ಇಷ್ಟು ಆಸಕ್ತಿ ಎಂದರೆ, ಅದಕ್ಕೂ ಕಾರಣವಿದೆ. ಸುಮಾರು 1116ರಲ್ಲಿ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ. ಅಲ್ಲಿಯವರೆಗೆ ಕಾವೇರಿ ಬಯಲು ಚೋಳರ ಕೈಯಲ್ಲಿತ್ತು. ಗೆದ್ದ ಸೀಮೆಯಲ್ಲಿ ಜನ ನೆಲೆಯೂರಬೇಕಾದರೆ ಗುಡಿ ಕಟ್ಟಿಸಿದರೆ ಸಾಲದು, ನೀರೂ ಬೇಕು. ಕೆರೆ ಕಟ್ಟಿಸುವುದು ಆ ಕಾಲದ ಅತಿ ದೊಡ್ಡ ಪುಣ್ಯದ ಕೆಲಸ, ಅತಿ ಜಾಣ ರಾಜಕಾರಣವೂ ಹೌದು.

ಇನ್ನೊಂದು ಮಾತು ಹೇಳಲೇಬೇಕು. ಕಟ್ಟಿಸಿದವರ ಹೆಸರು ನಮಗೆ ಸಿಗುತ್ತದೆ, ಕಟ್ಟಿದವರದ್ದು ಸಿಗುವುದಿಲ್ಲ. ಜೆಸಿಬಿ ಇಲ್ಲ, ಟ್ರ್ಯಾಕ್ಟರ್ ಇಲ್ಲ. ಗುದ್ದಲಿಯಲ್ಲಿ ಅಗೆದು, ಮಂಕರಿಯಲ್ಲಿ ತುಂಬಿ, ತಲೆ ಮೇಲೆ ಹೊತ್ತು ಅಷ್ಟು ಮಣ್ಣು ಹಾಕಿದ್ದಾರೆ. ಕತ್ತೆ, ಎತ್ತು ಕೂಡ ದುಡಿದಿರುತ್ತವೆ. ನಮ್ಮ ಸೀಮೆಯಲ್ಲಿ ತಲೆತಲಾಂತರದಿಂದ ಕೆರೆ ಅಗೆಯುವ, ಕಲ್ಲು ಒಡೆಯುವ ಕೆಲಸದಲ್ಲಿ ಪಳಗಿದವರು ಭೋವಿ ಜನ. ಇಂಥ ಏರಿಗಳನ್ನು ನೋಡುವಾಗ ಆ ದುಡಿಮೆಗೂ ಒಂದು ನಮಸ್ಕಾರ ಸಲ್ಲಬೇಕು.

ಬರೀ ಮಣ್ಣು ಅಷ್ಟು ನೀರನ್ನು ಹೇಗೆ ತಡೆಯುತ್ತದೆ?

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. ಕೆರೆ ದೊಡ್ಡದಾದಷ್ಟೂ ಏರಿ ಮೇಲೆ ಒತ್ತಡ ಜಾಸ್ತಿ ಎಂದು ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ನೀರು ಹಿಂದಕ್ಕೆ ಎಷ್ಟು ದೂರ ಹರಡಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಆಳ ಎಷ್ಟು ಅನ್ನುವುದಷ್ಟೇ ಮುಖ್ಯ. ಮೇಲ್ಗಡೆ ಒತ್ತಡ ಕಡಿಮೆ, ಕೆಳಕ್ಕೆ ಹೋದಂತೆ ಏರುತ್ತದೆ, ಬುಡದಲ್ಲಿ ಅತಿ ಜಾಸ್ತಿ. ಆದ್ದರಿಂದಲೇ ಏರಿ ಮೇಲೆ ಸಣ್ಣಗೆ, ಕೆಳಗೆ ಅಗಲವಾಗಿ ಇರುತ್ತದೆ. ತೊಣ್ಣೂರಿನ 250 ಮೊಳದ ಬುಡ ಇದನ್ನೇ ಹೇಳುವುದು.

ಎರಡನೆಯದು, ಮಣ್ಣಿನ ಏರಿಯೊಳಗೆ ನೀರು ಸ್ವಲ್ಪ ಸ್ವಲ್ಪ ಒಸರುತ್ತಲೇ ಇರುತ್ತದೆ. ಅದನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸುವ ಅಗತ್ಯವೂ ಇಲ್ಲ. ಒಸರುವ ದಾರಿ ಉದ್ದವಾಗಿದ್ದರೆ ನೀರಿನ ಸೆಳೆತ ಕುಗ್ಗುತ್ತದೆ, ಮಣ್ಣಿನ ಕಣ ಕಿತ್ತುಕೊಂಡು ಬರುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಬುಡ ಅಗಲ ಇದ್ದಷ್ಟೂ ಈ ದಾರಿ ಉದ್ದ.

ಮಣ್ಣು ಹಾಕುವುದಕ್ಕೂ ಕ್ರಮವಿದೆ. ಒಂದೇ ಸಲ ಗುಡ್ಡೆ ಹಾಕಿದರೆ ಕೆರೆ ಏರಿ ಆಗುವುದಿಲ್ಲ, ಮಣ್ಣಿನ ರಾಶಿ ಆಗುತ್ತದೆ. ತೆಳ್ಳಗೆ ಒಂದು ಪದರ ಹರಡಬೇಕು. ನೀರು ಚಿಮುಕಿಸಬೇಕು. ದನ ಓಡಾಡಿಸಿ, ಜನ ತುಳಿದು, ದಿಮ್ಮಿಯಿಂದ ಬಡಿದು ಗಟ್ಟಿ ಮಾಡಬೇಕು. ಆಮೇಲೆ ಇನ್ನೊಂದು ಪದರ. ಮಣ್ಣು ತೀರಾ ಒಣಗಿದ್ದರೆ ಕೂಡಿಕೊಳ್ಳುವುದಿಲ್ಲ, ತೀರಾ ಹಸಿ ಇದ್ದರೆ ತುಳಿದಲ್ಲೆಲ್ಲ ಜಾರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ಮೆತ್ತಬಾರದು. ಇವತ್ತು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡುವುದನ್ನು ಆಗ ಕೈಯಲ್ಲೇ ನೋಡುತ್ತಿದ್ದರು.

ಇನ್ನು ನೀರಿನ ಕಡೆಯ ಮೈಗೆ ಕಲ್ಲಿನ ಹೊದಿಕೆ. ಗಾಳಿ ಬೀಸಿದರೆ ಕೆರೆಯಲ್ಲಿ ಅಲೆ ಏಳುತ್ತದೆ. ಅಲೆ ದಿನವೂ ಬಡಿದರೆ ಬರೀ ಮಣ್ಣು ವರ್ಷದೊಳಗೆ ಕೊರೆದುಹೋಗುತ್ತದೆ. ಅದಕ್ಕೇ ದಪ್ಪ ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಸಿ ಜೋಡಿಸುತ್ತಾರೆ. ಸಂದಿಗೆ ಗಾರೆ ತುಂಬದೇ ಬಿಡುವುದು ಹಳೆಯ ಪದ್ಧತಿ. ಕೆರೆಯ ನೀರು ಇಳಿದಾಗ ಮಣ್ಣಿನೊಳಗೆ ಸೇರಿದ ನೀರೂ ಆ ಸಂದಿಗಳಿಂದ ವಾಪಸ್ ಕೆರೆಗೆ ಬರಬೇಕು, ಇಲ್ಲದಿದ್ದರೆ ಹೊದಿಕೆಯನ್ನೇ ಒಳಗಿನಿಂದ ತಳ್ಳಿಹಾಕುತ್ತದೆ.

ಕೆರೆ ತುಂಬಿ ಏರಿ ಮೇಲೆ ಹರಿದರೆ?

ಮಣ್ಣಿನ ಏರಿಗೆ ಅದೇ ಸಾವು. ಕಲ್ಲಿನ ಕಟ್ಟೆ ಮೇಲೆ ನೀರು ಹರಿದರೆ ಅದು ತಡೆದುಕೊಳ್ಳಬಹುದು. ಮಣ್ಣಿನ ಏರಿ ಮೇಲೆ ಒಂದು ಗೇಣು ನೀರು ಹರಿದರೂ ಕೆಲವೇ ಗಂಟೆಯಲ್ಲಿ ಕೊರಕಲು ಬಿದ್ದು ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಪ್ರತಿ ಕೆರೆಗೂ ಕೋಡಿ, ಅಂದರೆ ಹೆಚ್ಚಾದ ನೀರು ಹೊರಗೆ ಹೋಗುವ ದಾರಿ, ಇರುತ್ತದೆ. ಏರಿಯ ನೆತ್ತಿಗಿಂತ ತಗ್ಗಿನಲ್ಲಿ, ಸಾಧ್ಯವಾದಷ್ಟೂ ಗಟ್ಟಿ ಬಂಡೆಯ ಮೇಲೆ. ತೊಣ್ಣೂರಿನಲ್ಲಿ ಹೆಚ್ಚಾದ ನೀರನ್ನು ಬಹಳ ಶ್ರಮಪಟ್ಟು ಕಡಿದ ಕಾಲುವೆಯಲ್ಲಿ ಹೊರಗೆ ಬಿಟ್ಟು, ಅದನ್ನೂ ಹೊಲಗಳಿಗೆ ಹಾಯಿಸುತ್ತಿದ್ದರು ಎಂದು ಬುಕಾನನ್ ಬರೆದಿದ್ದಾನೆ. ಕೆರೆ ಒಂದು ಸಲ ತುಂಬಿದರೆ ಎರಡು ವರ್ಷದ ಬೇಸಾಯಕ್ಕೆ ಸಾಕು ಎಂಬ ಲೆಕ್ಕವೂ ಅವನದೇ.

ತೂಬು ಹೇಗಿರುತ್ತದೆ?

ಹಳೆಯ ಕೆರೆಗಳ ತೂಬು ಸರಳ, ಆದರೆ ತುಂಬ ಜಾಣತನದ್ದು. ನೀರಿನೊಳಗೆ ಏರಿಗೆ ಹತ್ತಿರದಲ್ಲಿ ಎರಡು ಕಲ್ಲುಕಂಬ ನಿಲ್ಲಿಸಿರುತ್ತಾರೆ. ಅವುಗಳ ನಡುವೆ ಅಡ್ಡಡ್ಡ ಚಪ್ಪಡಿ, ಪ್ರತಿ ಚಪ್ಪಡಿಯಲ್ಲೂ ಒಂದೊಂದು ತೂತು. ಆ ತೂತುಗಳ ಮೂಲಕ ಉದ್ದನೆಯ ಗಳ ಇಳಿಬಿಟ್ಟಿರುತ್ತಾರೆ. ಗಳದ ತುದಿಯಲ್ಲಿ ಬಿರಡೆ. ಬಿರಡೆ ಕೆಳಗಿನ ಕಲ್ಲುತೊಟ್ಟಿಯ ಬಾಯಿಯಲ್ಲಿ ಕೂತರೆ ನೀರು ಬಂದ್, ಎತ್ತಿದರೆ ಏರಿಯ ತಳದ ಕಲ್ಲುಗೂಡಿನಿಂದ ಹರಿದು ಕಾಲುವೆಗೆ ಬೀಳುತ್ತದೆ. ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವಾಗ ಬಿಡಬೇಕು ಎಂದು ನೋಡಿಕೊಳ್ಳುವವನು ನೀರುಗಂಟಿ. ಬೆಳೆ ಬಂದಾಗ ರೈತರು ಅವನಿಗೆ ಧಾನ್ಯ ಅಳೆದು ಕೊಡುತ್ತಿದ್ದರು.

ಏರಿಯನ್ನು ಯಾರೋ ಒಡೆದಿದ್ದರಂತೆ, ನಿಜವೇ?

ನಿಜ. ಟಿಪ್ಪು ಸುಲ್ತಾನನ ಕಾಲದಲ್ಲಿ ಏರಿಯನ್ನು ಅಡ್ಡಲಾಗಿ ಕಡಿದು ಸೀಳಿದ್ದರು. ಶತ್ರು ಸೈನ್ಯಕ್ಕೆ ಈ ನೀರು ಸಿಗಬಾರದು ಎಂಬುದು ಕಾರಣ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಶ್ರೀರಂಗಪಟ್ಟಣವನ್ನು ಮುತ್ತುವ ಸೈನ್ಯ ಮೊದಲು ಹುಡುಕುತ್ತಿದ್ದುದು ಬೀಡು ಬಿಡಲು ನೀರಿರುವ ಜಾಗ. ಹತ್ತಿರದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಟಿಪ್ಪುವಿನ ನಂತರ ಅದನ್ನು ಮತ್ತೆ ಕಟ್ಟಿದರು.

ಕಡಿದ ಏರಿಯನ್ನು ಮತ್ತೆ ಕೂಡಿಸುವುದು ಹೊಸ ಏರಿ ಕಟ್ಟುವುದಕ್ಕಿಂತ ಕಷ್ಟ. ಶತಮಾನಗಳಿಂದ ಕೂತು ಗಟ್ಟಿಯಾದ ಮಣ್ಣಿಗೂ ನಿನ್ನೆ ಹಾಕಿದ ಮಣ್ಣಿಗೂ ಹೊಂದಿಕೆ ಆಗುವುದಿಲ್ಲ. ಹೊಸದು ಕುಸಿಯುತ್ತದೆ, ಹಳೆಯದು ನಿಲ್ಲುತ್ತದೆ, ನಡುವೆ ಬಿರುಕು. ಬಲ್ಲವರು ಹಳೆಯ ಮಣ್ಣನ್ನು ಮೆಟ್ಟಿಲಿನ ಹಾಗೆ ಕಡಿದು, ಒದ್ದೆ ಮಾಡಿ, ಹೊಸ ಪದರಗಳನ್ನು ಒಂದೊಂದಾಗಿ ಅದಕ್ಕೆ ಕಚ್ಚಿಸುತ್ತಾರೆ. ರಿಪೇರಿಯಾಗಿ 200 ವರ್ಷ ದಾಟಿದರೂ ಏರಿ ನಿಂತಿದೆ ಎಂದರೆ ರಿಪೇರಿ ಮಾಡಿದವರೂ ಕಸುಬು ಬಲ್ಲವರೇ.

ಮೋತಿ ತಲಾಬ್ ಅಂದರೆ ಇದೇನಾ?

ಇದೇ. 1746ರಲ್ಲಿ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಇಲ್ಲಿಗೆ ಬಂದಾಗ ತಿಳಿನೀರು ನೋಡಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂದು ಕರೆದ. ಯುದ್ಧದ ಇತಿಹಾಸ ಓದುವವರಿಗೆ ಈ ಹೆಸರೇ ಹೆಚ್ಚು ಪರಿಚಯ. 1771ರಲ್ಲಿ ಮರಾಠ ಸೈನ್ಯದ ಎದುರು ಹೈದರಾಲಿ ದೊಡ್ಡ ಸೋಲು ಕಂಡದ್ದು ಇಲ್ಲೇ ಪಕ್ಕದ ಚಿನಕುರಳಿಯಲ್ಲಿ. ಮೇಲುಕೋಟೆ ಗುಡ್ಡಗಳಿಂದ ಇಳಿದು ಶ್ರೀರಂಗಪಟ್ಟಣದ ಕಡೆ ಹಿಂದೆ ಸರಿಯುತ್ತಿದ್ದಾಗ ಅವನ ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಹೈದರ್ ಹೇಗೋ ತಪ್ಪಿಸಿಕೊಂಡು ಕೋಟೆ ಸೇರಿದ.

ಕೆರೆಗೆ ನೀರು ಎಲ್ಲಿಂದ ಬರುತ್ತದೆ? ಕಾವೇರಿ ನೀರಾ?

ಕೆರೆ ಕಟ್ಟಿದ್ದು ಮಳೆ ನೀರನ್ನೇ ನಂಬಿ. ಮೇಲುಕೋಟೆ ಕಡೆಯ ಗುಡ್ಡಗಳಿಂದ ಇಳಿಯುವ ಹಳ್ಳಗಳೇ ಇದರ ಆಧಾರ. ಮಂಡ್ಯ ಸೀಮೆಗೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಅದರಲ್ಲಿ ಜೋರು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದ್ದರಿಂದ ಜೂನ್‌ನಲ್ಲಿ ಬಂದು, ಮಳೆಗಾಲ ಶುರುವಾಗಿದೆ, ಕೆರೆ ಯಾಕೆ ತುಂಬಿಲ್ಲ ಎಂದು ಕೇಳಬೇಡಿ. ಇಲ್ಲಿ ಕೆರೆ ತುಂಬುವ ಕಾಲ ದಸರಾ ಹೊತ್ತಿಗೆ.

ಗುಡ್ಡದ ಹಳ್ಳಗಳನ್ನು ಮುಚ್ಚಿದರೆ, ದಾರಿಗೆ ಅಡ್ಡ ಮಣ್ಣು ಸುರಿದರೆ, ಏರಿ ಎಷ್ಟು ಗಟ್ಟಿ ಇದ್ದರೂ ಕೆರೆ ಖಾಲಿ. ಜನ ಕೆರೆಯನ್ನು ಮಾತ್ರ ನೋಡುತ್ತಾರೆ, ಹಳ್ಳ ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಹೆಚ್ಚು ಚಿಂತೆ ಇರುವುದು ಈ ಹಳ್ಳಗಳ ಬಗ್ಗೆಯೇ.

ಕೆಆರ್‌ಎಸ್ ಇಷ್ಟು ಹತ್ತಿರ ಇರುವಾಗ ಈ ಕೆರೆ ಯಾಕೆ ಬೇಕು?

ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ, ಮುಗಿದದ್ದು 1930ರ ದಶಕದ ಆರಂಭದಲ್ಲಿ. ಕಲ್ಲು ಮತ್ತು ಸುರ್ಕಿ ಗಾರೆಯ ಕಟ್ಟೆ ಅದು. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಮಂಡ್ಯದ ಬಣ್ಣವೇ ಬದಲಾಯಿತು, ಕಬ್ಬು ಬಂತು, ಭತ್ತ ಬಂತು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಾಲೆ ನೀರು ಹರಿಯುವುದು ತಗ್ಗಿಗೆ. ಎತ್ತರದ ಬೋರೆಗಳಿಗೆ ಅದು ಹತ್ತುವುದಿಲ್ಲ. ಕಾವೇರಿಯಲ್ಲಿ ನೀರು ಕಡಿಮೆಯಾದ ವರ್ಷ ನಾಲೆಗೂ ಬಿಡುವುದಿಲ್ಲ. ಅಂಥ ವರ್ಷ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಇರುತ್ತದೋ ಇಲ್ಲವೋ ಎಂಬುದು ಕೆರೆಯಲ್ಲಿ ನೀರು ನಿಂತಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತದೆ.

ಏರಿ ಪಕ್ಕ ಧುಮ್ಮಿಕ್ಕುವ ನೀರು ಯಾವುದು?

ರಾಮಾನುಜ ಗಂಗೆ ಎನ್ನುತ್ತಾರೆ. ಕೆರೆಯಿಂದ ಹೊರಬರುವ ನೀರು ಬಂಡೆಯ ಮೇಲಿಂದ ಬೀಳುವ ಜಾಗ. ಭಕ್ತರು ತಲೆ ಒಡ್ಡಿ ಸ್ನಾನ ಮಾಡುತ್ತಾರೆ. ಅಲ್ಲಿ ಸೋಪು, ಶಾಂಪೂ ಹಚ್ಚಬೇಡಿ. ಅದೇ ನೀರು ಮುಂದೆ ಗದ್ದೆಗೆ ಹೋಗುತ್ತದೆ, ದನ ಕುಡಿಯುತ್ತವೆ.

ಕೆರೆಯಲ್ಲಿ ಈಜಬಹುದಾ?

ಬೇಡ. ನೀರು ತಿಳಿಯಾಗಿ, ಶಾಂತವಾಗಿ ಕಾಣುತ್ತದೆ, ಆದರೆ ಆಳ ಒಮ್ಮೆಲೇ ಸಿಗುತ್ತದೆ. ಬಯಲು ಕೆರೆಯ ಹಾಗೆ ಮೊಣಕಾಲು, ಸೊಂಟ, ಎದೆ ಎಂದು ನಿಧಾನವಾಗಿ ಇಳಿಯುವ ದಡ ಇಲ್ಲಿಲ್ಲ. ಕಲ್ಲು ಪಾಚಿ ಕಟ್ಟಿ ಜಾರುತ್ತದೆ. ಇಲ್ಲಿ ಮುಳುಗಿ ಸತ್ತವರು ಇದ್ದಾರೆ. ಈಜು ಬರುತ್ತದೆ ಎಂಬ ಧೈರ್ಯವೇ ಬೇಡ. ಮಕ್ಕಳ ಕೈ ಬಿಡಬೇಡಿ.

ನಮ್ಮ ತಂಡ ಏರಿ ಮೇಲೆ ಗಿಡ ನೆಡಬೇಕೆಂದಿದೆ. ನೆಡಬಹುದಾ?

ನಿಮ್ಮ ಮನಸ್ಸು ದೊಡ್ಡದು. ಆದರೆ ಏರಿ ಮೇಲೆ ಮಾತ್ರ ನೆಡಬೇಡಿ. ಮಣ್ಣಿನ ಏರಿಗೆ ಮರ ಶತ್ರು. ಬೇರು ಒಳಗೆ ಇಳಿಯುತ್ತದೆ, ಮರ ಸತ್ತ ಮೇಲೆ ಬೇರು ಕೊಳೆತು ಉದ್ದನೆಯ ಪೊಳ್ಳು ಉಳಿಯುತ್ತದೆ. ನೀರಿಗೆ ಅದೇ ದಾರಿ. ಬಿರುಗಾಳಿಗೆ ಮರ ಬಿದ್ದರೆ ಬುಡದ ಜೊತೆ ಒಂದು ಬಂಡಿ ಮಣ್ಣು ಕಿತ್ತುಕೊಂಡು ಬರುತ್ತದೆ. ಅದರಲ್ಲೂ ಆಲ, ಅರಳಿ ಬಹಳ ಅಪಾಯ. ಹಕ್ಕಿ ಹಿಕ್ಕೆಯಿಂದ ಕಲ್ಲುಸಂದಿಯಲ್ಲಿ ತಾವೇ ಮೊಳೆಯುತ್ತವೆ, ಎರಡೆಲೆ ಇರುವಾಗಲೇ ಕೀಳಬೇಕು. ಏರಿ ಹೊರಮೈಗೆ ಒಳ್ಳೆಯದು ಗರಿಕೆ ಹುಲ್ಲು. ಮಳೆಗೆ ಮಣ್ಣು ಕೊಚ್ಚುವುದಿಲ್ಲ, ಬೇರು ಆಳಕ್ಕೂ ಹೋಗುವುದಿಲ್ಲ.

ಗಿಡ ನೆಡಲೇಬೇಕೆಂದರೆ ಹಳ್ಳದ ಅಂಚಿಗೆ ಹೊಂಗೆ ನೆಡಿ, ಊರ ದಾರಿಗೆ ಬೇವು ನೆಡಿ. ಮೊದಲು ಪಂಚಾಯಿತಿಯವರನ್ನು ಕೇಳಿ.

ಊರಿನಲ್ಲಿ ಯಾವ ದೇವಸ್ಥಾನಗಳಿವೆ?

ಮುಖ್ಯವಾಗಿ ನಂಬಿನಾರಾಯಣ, ಅದರ ಎದುರಿಗೇ ವೇಣುಗೋಪಾಲ, ಗುಡ್ಡದ ಮೇಲೆ ಯೋಗಾನರಸಿಂಹ. ನಂಬಿನಾರಾಯಣ ಗುಡಿಯನ್ನು ಪಂಚನಾರಾಯಣರಲ್ಲಿ ಒಂದು ಎಂದು ಎಣಿಸುತ್ತಾರೆ. ಬೇಲೂರು, ಸೋಮನಾಥಪುರದ ಕೆತ್ತನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದರೆ ಹೊರಗೋಡೆ ಬರಿದಾಗಿ ಕಾಣಬಹುದು. ಒಳಗೆ ಹೋಗಿ ಕಂಬಗಳನ್ನು, ಮೂರ್ತಿಯ ಮುಖವನ್ನು ನೋಡಿ. ಜನಜಂಗುಳಿ ಇಲ್ಲದ ಕಾರಣ ಸುಮ್ನೆ ಕೂತು ನೋಡಲು ಸಮಯ ಸಿಗುತ್ತದೆ.

ನರಸಿಂಹನ ಗುಡಿಯಲ್ಲಿ ರಾಮಾನುಜರ ಮೂರ್ತಿಗೆ ಸರ್ಪದ ಹೆಡೆ ಇದೆ. ಅವರು ಪರದೆಯ ಹಿಂದೆ ಆದಿಶೇಷನ ರೂಪ ತಾಳಿ ಏಕಕಾಲಕ್ಕೆ ಸಾವಿರ ಮಂದಿ ಜೈನ ಪಂಡಿತರ ಜೊತೆ ವಾದ ಮಾಡಿದರು ಎಂಬ ಕಥೆ ಅದಕ್ಕೆ ಆಧಾರ.

1320ರ ದಶಕದಲ್ಲಿ ದೆಹಲಿಯ ಸೈನ್ಯ ರಾಜಧಾನಿ ದೋರಸಮುದ್ರವನ್ನು (ಇಂದಿನ ಹಳೇಬೀಡು) ಹಾಳುಮಾಡಿದ ಮೇಲೆ ಹೊಯ್ಸಳ ದೊರೆ ಮೂರನೆಯ ಬಲ್ಲಾಳ ಕೆಲಕಾಲ ತೊಣ್ಣೂರಿನಲ್ಲಿ ನೆಲೆಸಿದ್ದ. ಸುತ್ತ ಗುಡ್ಡದ ಕಾವಲು, ಮಡಿಲಲ್ಲಿ ಬತ್ತದ ನೀರು. ಕಷ್ಟಕಾಲದಲ್ಲಿ ರಾಜನಿಗೆ ಬೇಕಾದ ಎರಡೂ ಇಲ್ಲಿದ್ದವು.

ದರ್ಗಾ ಇದೆಯಂತೆ?

ಇದೆ. ಸಾಲಾರ್ ಮಸೂದ್ ಎಂಬ ಸಂತ ಯೋಧರ ಸಮಾಧಿ, 1358ರದ್ದು ಎಂದು ಗೆಜೆಟಿಯರ್‌ನಲ್ಲಿದೆ. ಎಲ್ಲರೂ ಹೋಗುತ್ತಾರೆ. ಗುಡಿ, ದರ್ಗಾ ಎರಡನ್ನೂ ನೋಡಿಕೊಂಡೇ ಬನ್ನಿ.

ಸುತ್ತಲಿನ ಗುಡ್ಡಗಳು ಯಾಕೆ ಹೀಗೆ ಬೋಳಾಗಿವೆ?

ಕಲ್ಲೇ ಹಾಗಿದೆ. ಇದು ದಖನ್ ಪ್ರಸ್ಥಭೂಮಿಯ ಅತಿ ಹಳೆಯ ನೆಲ. ಅಡಿಯಲ್ಲಿರುವ ನೈಸ್ ಬಂಡೆಗಳಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮಳೆ, ಬಿಸಿಲು, ಗಾಳಿಗೆ ಮೆತ್ತನೆಯ ಭಾಗ ಸವೆದುಹೋಗಿ ಗಟ್ಟಿ ಬಂಡೆ ನಿಂತಿದೆ. ಹಗಲಿನ ಕಾವಿಗೆ ಹಿಗ್ಗಿ, ರಾತ್ರಿ ತಂಪಿಗೆ ಕುಗ್ಗಿ ಬಂಡೆಯ ಮೈ ಪದರ ಪದರವಾಗಿ ಏಳುತ್ತದೆ. ಹಾಸುಬಂಡೆ ಮೇಲೆ ನಡೆಯುವಾಗ ಕೆಲವು ಕಡೆ ಟೊಳ್ಳು ಸದ್ದು ಕೇಳುವುದು ಅದಕ್ಕೇ.

ಬೋಳು ಅನ್ನುವುದು ದೂರದಿಂದ ಮಾತ್ರ. ಹತ್ತಿರ ಹೋದರೆ ಸಂದಿಸಂದಿಯಲ್ಲೂ ಜೀವ. ಬಂದರಿಕೆ, ಕಾರೆ, ತಂಗಡಿ, ಕಕ್ಕೆ, ಜಾಲಿ. ಬಂಡೆ ಮೇಲಿನ ಸಣ್ಣ ಗುಂಡಿಗಳಲ್ಲಿ ಮಳೆ ನೀರು ನಿಂತು ಕೆಲವು ವಾರ ಪುಟ್ಟ ಕೊಳಗಳಾಗುತ್ತವೆ. ಅದರಲ್ಲಿ ಕಪ್ಪೆ ಮೊಟ್ಟೆ, ಅಂಚಿನಲ್ಲಿ ಬೆರಳುದ್ದದ ಹುಲ್ಲು, ಗುಲಗಂಜಿಗಿಂತ ಚಿಕ್ಕ ಹೂವು. ಅಕ್ಟೋಬರ್‌ನಲ್ಲಿ ಮಂಡಿಯೂರಿ ನೋಡಬೇಕಾದ ಜಾಗ ಅದು. ಬೇಸಿಗೆಯಲ್ಲಿ ಎಲ್ಲ ಒಣಗಿ ಕರೀ ಕಲೆ ಮಾತ್ರ ಉಳಿಯುತ್ತದೆ.

ಬೋರೆ ಅಂದರೆ ಯಾವ ನೆಲ? ಅಲ್ಲಿ ಏನು ಬೆಳೆಯುತ್ತಾರೆ?

ನೀರಾವರಿ ಮುಟ್ಟದ ಎತ್ತರದ ನೆಲ. ಕೆಮ್ಮಣ್ಣು, ಗರಸು. ಮುಂಗಾರಿಗೆ ಎಳ್ಳು, ಆಮೇಲೆ ರಾಗಿ, ಸಾಲು ಮಧ್ಯೆ ಅವರೆ, ಹಿಂಗಾರಿಗೆ ಹುರುಳಿ. ತಗ್ಗಿನ ಗದ್ದೆಯಲ್ಲಿ ಭತ್ತ, ಕಬ್ಬು, ತೆಂಗು. ಏರಿ ಮೇಲಿಂದ ನೋಡಿದರೆ ಹಸಿರು ಎಲ್ಲಿ ನಿಲ್ಲುತ್ತದೆ, ಕೆಂಪು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆದ ಹಾಗೆ ಕಾಣುತ್ತದೆ. ಆ ಗೆರೆಯೇ ಕೆರೆ, ಕಾಲುವೆಗಳ ನೀರು ತಲುಪುವ ಎಲ್ಲೆ.

ಕುಂತಿ ಬೆಟ್ಟವನ್ನೂ ಒಂದೇ ದಿನ ನೋಡಬಹುದಾ?

ಆರಾಮಾಗಿ. ಕುಂತಿ ಬೆಟ್ಟ ಪಾಂಡವಪುರದ ಪಕ್ಕದಲ್ಲೇ ಇದೆ. ಪಾಂಡವರು ವನವಾಸದಲ್ಲಿ ಕುಂತಿ ಜೊತೆ ಇಲ್ಲಿದ್ದರು ಎಂಬುದು ಊರಿನ ಕಥೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಅದಕ್ಕೂ ಮೊದಲಿನ ಹೆಸರು ಹಿರೋಡೆ. ಬೆಟ್ಟವನ್ನು ಬೆಳಿಗ್ಗೆ ಬೇಗ ಹತ್ತಿ, ಬಿಸಿಲು ಏರುವ ಮೊದಲು ಇಳಿದು, ಆಮೇಲೆ ತೊಣ್ಣೂರಿಗೆ ಬನ್ನಿ. ಬಂಡೆಗೆ ಹೆಸರು ಬರೆಯಬೇಡಿ, ಬಾಟಲಿ ಒಡೆಯಬೇಡಿ. ಬರಿಗಾಲಲ್ಲಿ ಕುರಿ ಕಾಯುವ ಮಕ್ಕಳು ಓಡಾಡುವ ಜಾಗ ಅದು.

ಮೇಲುಕೋಟೆಗೆ ಹೋಗುವ ದಾರಿಯಲ್ಲಿ ಏನು ಗಮನಿಸಬೇಕು?

ನೆಲ ಏರುತ್ತಾ ಹೋಗುವುದನ್ನು. ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟ ಸಮುದ್ರ ಮಟ್ಟದಿಂದ 1,000 ಮೀಟರ್‌ಗಿಂತ ಎತ್ತರ. ಬೆಟ್ಟದ ಮೇಲಿಂದ ನೋಡಿದರೆ ಸಣ್ಣ ಸಣ್ಣ ಕೆರೆ, ಕಟ್ಟೆಗಳು ಇಳಿಜಾರಿನ ಉದ್ದಕ್ಕೂ ಕಾಣುತ್ತವೆ. ಊರೊಳಗಿನ ಕಲ್ಯಾಣಿ, ಅಕ್ಕ ತಂಗಿ ಕೊಳಗಳನ್ನೂ ಇದೇ ದೃಷ್ಟಿಯಿಂದ ನೋಡಿ. ಬಂಡೆ ನಾಡಿನಲ್ಲಿ ಬಿದ್ದ ಮಳೆಯನ್ನು ಒಂದು ಹನಿಯೂ ಬಿಡದಂತೆ ಹಿಡಿಯಲು ಜನ ಪಟ್ಟ ಪಾಡು ಅದೆಲ್ಲ. ಮೇಲುಕೋಟೆಯ ಬಿಳಿ ನಾಮದ ಮಣ್ಣೂ ಈ ನೆಲದ್ದೇ, ದೂರದ ಊರುಗಳಿಗೆಲ್ಲ ಹೋಗುತ್ತದೆ.

ಕಾಡುಪ್ರಾಣಿಗಳ ಭಯ ಇದೆಯಾ?

ಮೇಲುಕೋಟೆ ಸುತ್ತ ಸುಮಾರು 50 ಚದರ ಕಿ.ಮೀ. ವನ್ಯಧಾಮವಿದೆ. 1974ರಲ್ಲಿ ಮುಖ್ಯವಾಗಿ ತೋಳಗಳಿಗಾಗಿ ಅದನ್ನು ಮಾಡಿದರು. ತೋಳ ಕಾಣುವುದು ಅಪರೂಪ. ಚಿರತೆ ಇದೆ, ಗುಡ್ಡದಲ್ಲೂ ಇದೆ, ಕಬ್ಬಿನ ಗದ್ದೆಯಲ್ಲೂ ಇರುತ್ತದೆ. ಮುಸ್ಸಂಜೆ ಆದ ಮೇಲೆ ಗುಡ್ಡದಲ್ಲಿ ಒಬ್ಬೊಬ್ಬರೇ ತಿರುಗಬೇಡಿ. ಹಗಲು ಹೊತ್ತು ನಿಮಗೆ ಸಿಗುವುದು ನವಿಲು ಮತ್ತು ಕೋತಿ. ಕೋತಿಗೆ ತಿಂಡಿ ಕೊಡಬೇಡಿ.

ಊಟಕ್ಕೆ?

ಪಾಂಡವಪುರದಲ್ಲಿ ಮುದ್ದೆ ಊಟ. ಮೇಲುಕೋಟೆಯಲ್ಲಿ ಪುಳಿಯೋಗರೆ, ಸಕ್ಕರೆ ಪೊಂಗಲ್. ಕೆರೆ ಹತ್ತಿರ ಹೋಟೆಲು ನಂಬಿಕೊಂಡು ಹೋಗಬೇಡಿ. ಬುತ್ತಿ ಒಯ್ದರೆ ತಿಂದ ಎಲೆ, ಪ್ಲಾಸ್ಟಿಕ್ಕು ವಾಪಸ್ ತನ್ನಿ.

ಬಸ್ಸಿನಲ್ಲಿ ಬರಬಹುದಾ?

ಪಾಂಡವಪುರದ ತನಕ ಬಸ್ಸು, ರೈಲು ಎರಡೂ ಸಿಗುತ್ತವೆ. ಮುಂದೆ ಲೋಕಲ್ ಬಸ್ಸು ಇಲ್ಲವೇ ಆಟೋ. ಕೊನೆಯ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.

ಶಾಲಾ ಮಕ್ಕಳನ್ನು ಕರೆತರುತ್ತೇವೆ. ಏನು ತೋರಿಸಬೇಕು?

ಇತಿಹಾಸದ ಇಸವಿಗಳನ್ನು ಅಲ್ಲಿ ಓದಿ ಹೇಳಬೇಡಿ. ಮಕ್ಕಳನ್ನು ಏರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಸಿ, ಹೆಜ್ಜೆ ಎಣಿಸಲು ಹೇಳಿ. ಆಮೇಲೆ ಕೆಳಗಿನ ಗದ್ದೆ ಬಯಲಿಗೆ ಕರೆದೊಯ್ದು ಮೇಲಕ್ಕೆ ನೋಡಲು ಹೇಳಿ. ಒಂದು ಮಂಕರಿ ಮಣ್ಣು ಎಷ್ಟು ಭಾರ ಎಂದು ಎತ್ತಿ ನೋಡಲಿ. ಉಳಿದ ಲೆಕ್ಕ ಅವರೇ ಹಾಕುತ್ತಾರೆ. ಒಂದು ತರಗತಿಗೆ ಮೂರು ನಾಲ್ಕು ಜನ ದೊಡ್ಡವರು ಜೊತೆಗಿರಲಿ, ನೀರಿನ ಅಂಚಿಗೆ ಯಾರನ್ನೂ ಬಿಡಬೇಡಿ.

ಏರಿಯಲ್ಲಿ ಏನಾದರೂ ತೊಂದರೆ ಕಂಡರೆ ಯಾರಿಗೆ ಹೇಳಬೇಕು?

ಗ್ರಾಮ ಪಂಚಾಯಿತಿಗೆ, ಇಲ್ಲವೇ ಪಾಂಡವಪುರದ ತಾಲೂಕು ಕಚೇರಿಗೆ. ಹೇಳುವಾಗ ಜಾಗ ಸರಿಯಾಗಿ ಹೇಳಿ, ಮೊಬೈಲಿನಲ್ಲಿ ಫೋಟೋ ತೆಗೆದಿದ್ದರೆ ಇನ್ನೂ ಒಳ್ಳೆಯದು. ಕಲ್ಲಿನ ಹೊದಿಕೆ ಜಾರಿದೆಯೇ, ಹೆಗ್ಗಣ ಅಥವಾ ಏಡಿ ಬಿಲ ತೋಡಿದೆಯೇ, ಏರಿ ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆಯೇ ಎಂದು ನೋಡಿ. ಹೊರಮೈ ಬುಡದಲ್ಲಿ ನೀರು ಒಸರುತ್ತಿದ್ದರೆ ಅಂಗೈಯಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ವಿಷಯ ತಿಳಿಸಿ, ಕಾಯಬಹುದು. ರಾಡಿಯಾಗಿದ್ದರೆ ಒಳಗಿನ ಮಣ್ಣು ಹೊರಗೆ ಬರುತ್ತಿದೆ ಎಂದರ್ಥ, ಆಗ ಅವತ್ತೇ ಫೋನ್ ಮಾಡಿ.